ಹುದ್ದೆಯೂ ಜೇಡಿಮಣ್ಣೂ

ನಮ್ಮ ಶಿಲ್ಪ ವಿಭಾಗದಲ್ಲಿ ಆಗ ಒಂದು ಮಾತು ಚಾಲ್ತಿಯಲ್ಲಿತ್ತು: ಮುಖ್ಯಸ್ಥನಾದವನ ಕೈಗೆ ಮಣ್ಣು ಅಂಟುವುದಿಲ್ಲ, ಮಸಿ ಮಾತ್ರ ಅಂಟುತ್ತದೆ. ಇದು ಕಿವಿಗೆ ಬಿದ್ದರೆ ನಮಗೆ ಮಣ್ಣಿನಲ್ಲಿ ಮೂರ್ತಿ ಮಾಡಲು ಕಲಿಸುತ್ತಿದ್ದ ಮಾಡೆಲಿಂಗ್ ಮೇಷ್ಟ್ರು ಸಿಡುಕುತ್ತಿದ್ದರು. "ಮಾಲ್ಟಾದ ಶಿಲ್ಪಿ ವಿನ್ಸೆಂಟ್ ಅಪಾಪ್ ಹೆಸರು ಕೇಳಿದ್ದೀರೇನಯ್ಯ?" ಯಾರು ಕೇಳಿದ್ದರು! ಮಣ್ಣು ಒಣಗದಂತೆ ಒದ್ದೆ ಗೋಣಿಬಟ್ಟೆ ಹೊದಿಸುವ ನೆಪದಲ್ಲಿ ನಾವು ಅತ್ತ ತಿರುಗಿಬಿಡುತ್ತಿದ್ದೆವು.

ಈಗ ಉದ್ಯೋಗ ನನ್ನನ್ನು ಅದೇ ಮಾಲ್ಟಾಕ್ಕೆ ತಂದು ಹಾಕಿದೆ. ಮುಖ್ಯಸ್ಥನಾದ ಮೇಲೂ ಕೈಗೆ ಮಣ್ಣು ಅಂಟುತ್ತದೆ ಎಂಬ ಮೇಷ್ಟ್ರ ವಾದಕ್ಕೆ ಸಾಕ್ಷಿಗಳು ಇಲ್ಲಿ ಬೀದಿಬೀದಿಯಲ್ಲಿ ನಿಂತಿವೆ.

ಅಪಾಪ್ ಹುಟ್ಟಿದ್ದು 1909ರಲ್ಲಿ, ರಾಜಧಾನಿ ವ್ಯಾಲೆಟ್ಟಾದಲ್ಲಿ. ತಮ್ಮ ವಿಲ್ಲಿ ಚಿತ್ರಕಾರ. ಊರಿನ ಸರ್ಕಾರಿ ಕಲಾಶಾಲೆ ಮುಗಿಸಿ ರೋಮ್‌ಗೆ ಹೋಗಿ ಶಿಲ್ಪಿ ಆಂಟೋನಿಯೊ ಷೋರ್ತಿನೊ ಬಳಿ ಪಳಗಿದರು. 1947ರಲ್ಲಿ ತಾವು ಕಲಿತ ಶಾಲೆಗೇ ಮುಖ್ಯಸ್ಥರಾಗಿ 1971ರವರೆಗೆ ಅಲ್ಲೇ ಇದ್ದರು. ಅಪ್ಪರ್ ಬರಾಕ್ಕಾ ಉದ್ಯಾನದ ಚರ್ಚಿಲ್ ಎದೆಮಟ್ಟದ ಪ್ರತಿಮೆ ಆ ಅವಧಿಯದೇ. 1959ರಲ್ಲಿ ಮೊದಲ ಸಲ ನೀರು ಚಿಮ್ಮಿದ ಟ್ರೈಟನ್ ಕಾರಂಜಿಯೂ ಅಷ್ಟೇ.

ಅದು ಊರಬಾಗಿಲ ಮುಂದೆ, ಬಸ್ ನಿಲ್ದಾಣದ ಮಗ್ಗುಲಲ್ಲೇ ಇದೆ. ಕಂಚಿನ ಮೂವರು ಸಮುದ್ರಪುರುಷರು. ಇಬ್ಬರು ಕುಳಿತಿದ್ದಾರೆ, ಒಬ್ಬ ಮಂಡಿಯೂರಿದ್ದಾನೆ. ಮೂವರೂ ಕೈಯೆತ್ತಿ ದೊಡ್ಡದೊಂದು ತಟ್ಟೆಯನ್ನು ಹೊತ್ತಿದ್ದಾರೆ. ನಾನಂತೂ ಮಂಡಿಯೂರಿದವನ ಬೆನ್ನಿನ ಕಡೆ ನಿಂತು ನೋಡುತ್ತೇನೆ. ತಟ್ಟೆಯ ಭಾರ ತೋಳಿನಿಂದ ಭುಜಕ್ಕೆ, ಭುಜದಿಂದ ಸೊಂಟಕ್ಕೆ ಇಳಿಯುವುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಮೂರ್ತಿಯೊಳಗಿನ ತಂತಿಯ ಕಟ್ಟು ಸರಿಯಿಲ್ಲದಿದ್ದರೆ ಮೇಲಿನ ಮಣ್ಣು ಸುಳ್ಳು ಹೇಳುತ್ತದೆ ಎಂದು ಮೇಷ್ಟ್ರು ಗದರುತ್ತಿದ್ದದ್ದು ಇದಕ್ಕೇ ಇರಬೇಕು.

1978ರಲ್ಲಿ ಯಾರೋ ಬುದ್ಧಿವಂತರು ಇದರ ಮೇಲೆ ವೇದಿಕೆ ಕಟ್ಟಿ ಪ್ರದರ್ಶನ ನಡೆಸಿದರು, ತಟ್ಟೆ ಕುಸಿಯಿತು. ಎಂಬತ್ತರ ದಶಕದ ದುರಸ್ತಿಯಲ್ಲಿ ನಡುವೆ ಒಂದು ಕಂಬ ಕೊಟ್ಟರು. ಹಳೆಯ ಫೋಟೊಗಳಲ್ಲಿ ಆ ಕಂಬ ಕಂಡರೆ ನನಗೆ ಕಸಿವಿಸಿ: ಕಂಬವೇ ಹೊರುವುದಾದರೆ ಈ ಮೂವರು ತಿಣುಕುವುದೇಕೆ? 2018ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಅದನ್ನು ತೆಗೆದರು, ಸದ್ಯ. ಅಪಾಪ್ ಅದನ್ನು ನೋಡಲು ಇರಲಿಲ್ಲ, 2003ರಲ್ಲೇ ತೀರಿಕೊಂಡಿದ್ದರು.

ಕಾರಂಜಿಯಿಂದ ತುಸು ನಡೆದರೆ ಕ್ಯಾಸ್ಟೀಲ್ ಚೌಕ. ಪ್ರಧಾನಿಯಾಗಿದ್ದ ಪಾಲ್ ಬೋಫಾ ಅವರ ಪ್ರತಿಮೆ ಅಲ್ಲಿದೆ, ಅಪಾಪ್ ಕೈಯದು. ಅದೇ ಚೌಕದಲ್ಲಿ ಸಮಾಜ ಸುಧಾರಕ ಮ್ಯಾನ್ವೆಲ್ ದಿಮೆಕ್ ನಿಂತಿದ್ದಾನೆ. ಅದನ್ನು ಮಾಡಿದ ಆಂಟನ್ ಆಜಿಯುಸ್ ಅಪಾಪ್ ಬಳಿ ಕಲಿತವರು. ಎರಡರಲ್ಲಿ ನನಗೆ ಹಿಡಿಸುವುದು ಶಿಷ್ಯನದೇ. ಮೇಷ್ಟ್ರು ಜೊತೆಗಿದ್ದಿದ್ದರೆ ಜಗಳ ಖಚಿತವಾಗಿತ್ತು.