ಮೊಲದ ಆಪರೇಷನ್ ದಿನ

ಬೆಳಗ್ಗೆ ಒಂಬತ್ತಕ್ಕೆ ಬಂದದ್ದು 1.6 ಕೆ.ಜಿ. ತೂಕದ ಹೆಣ್ಣು ಮೊಲ. ಗರ್ಭಕೋಶ ತೆಗೆಯಬೇಕಿತ್ತು. “ಡಾಕ್ಟ್ರೇ, ರಾತ್ರಿಯಿಂದ ಒಂದು ಎಲೇನೂ ಕೊಟ್ಟಿಲ್ಲ” ಎಂದರು ತಂದವರು. ನಾಯಿಗಾದರೆ ಸರಿ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಖಾಲಿ ಬಿಟ್ಟರೆ ಕರುಳು ನಿಧಾನವಾಗುತ್ತದೆ, ಒಮ್ಮೆ ನಿಂತರೆ ಮತ್ತೆ ಓಡಿಸುವುದು ಕಷ್ಟ. ಹಾಗಾಗಿ ಮೊದಲು ಹುಲ್ಲು ಹಾಕಿ, ಸರದಿಯನ್ನು ಮಧ್ಯಾಹ್ನಕ್ಕೆ ತಳ್ಳಿದ್ದಾಯಿತು. ಬಾಯಲ್ಲಿ ಚೂರು ಉಳಿಯದಿರಲಿ ಎಂದು ಕೊನೆಯ ಒಂದು ಗಂಟೆ ಮಾತ್ರ ಮೇವು ಬಂದ್.

ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಯಲ್ಲಿ ಶೇ. 0.17, ಬೆಕ್ಕಿನಲ್ಲಿ 0.24, ಮೊಲದಲ್ಲಿ 1.39. ಗಿನಿಪಿಗ್ಗಿನಲ್ಲಿ 3.80. ಮೊಲಗಳು ಹೆಚ್ಚಾಗಿ ಸತ್ತದ್ದು ಮೇಜಿನ ಮೇಲಲ್ಲ, ಆಮೇಲೆ ಪಂಜರದಲ್ಲಿ.

ಔಷಧಿಯ ಲೆಕ್ಕ ಹೀಗಿತ್ತು. ಕೆ.ಜಿ.ಗೆ ಪ್ರಜ್ಞೆ ತಪ್ಪಿಸುವ ಕೆಟಮೈನ್ 15 ಮಿ.ಗ್ರಾಂ., ಶಾಂತಗೊಳಿಸುವ ಮಿಡಜೋಲಾಮ್ 0.5, ನೋವು ತಗ್ಗಿಸುವ ಬ್ಯೂಪ್ರಿನಾರ್ಫಿನ್ 0.03. ಮಿ.ಲೀ.ಗೆ 0.3 ಮಿ.ಗ್ರಾಂ. ಇರುವ ಬ್ಯೂಪ್ರಿನಾರ್ಫಿನ್ ಈ ಮೊಲಕ್ಕೆ ಬರುವುದು ಬರೀ 0.16 ಮಿ.ಲೀ. ಇಲ್ಲಿ ಎಡವುವವರು ಬಹಳ. ಇನ್ಸುಲಿನ್ ಸಿರಿಂಜಿನಲ್ಲಿ “16 ಯೂನಿಟ್” ಎಂದು ಎಳೆಯುತ್ತಾರೆ. ಮಿ.ಲೀ.ಗೆ 100 ಯೂನಿಟ್‌ನ ಸಿರಿಂಜಾದರೆ ಸರಿ, ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ 40 ಯೂನಿಟ್‌ನದರಲ್ಲಿ ಅದೇ ಗೆರೆ 0.4 ಮಿ.ಲೀ. ಆಗುತ್ತದೆ: ಎರಡೂವರೆ ಪಟ್ಟು! ಮಿ.ಲೀ. ಗೆರೆ ಇರುವ ಸಿರಿಂಜನ್ನೇ ಹಿಡಿಯಬೇಕು. ಇನ್ನು ಎದೆಬಡಿತ ಕುಸಿದರೆ ಏರಿಸುವ ಅಟ್ರೊಪಿನ್ ನೆಚ್ಚಿಕೊಳ್ಳುವಂತಿಲ್ಲ. ಎಷ್ಟೋ ಮೊಲಗಳ ರಕ್ತದಲ್ಲಿ ಅದನ್ನು ಒಡೆಯುವ ಕಿಣ್ವವಿದೆ. ಅದರ ಬದಲಿಗೆ ಗ್ಲೈಕೋಪೈರೊಲೇಟ್ ಕೈಗೆಟುಕುವಂತಿರಬೇಕು.

ಕಿವಿಯಂಚಿನ ರಕ್ತನಾಳದ ಮೇಲೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟರೆ 24 ಗೇಜ್ ಸೂಜಿಗೆ ಮೊಲ ಬೆಚ್ಚುವುದಿಲ್ಲ. ಮಾಸ್ಕ್‌ನಲ್ಲಿ ಮೊದಲು ಬರೀ ಆಮ್ಲಜನಕ, ಎರಡು ಮೂರು ನಿಮಿಷ. ಪ್ರಜ್ಞೆ ತಪ್ಪಿಸುವ ಅನಿಲ ಐಸೊಫ್ಲುರೇನ್ ವಾಸನೆಗೆ ಮೊಲ ಉಸಿರು ಬಿಗಿಹಿಡಿಯುತ್ತದೆ, ಎದೆಬಡಿತ ಕುಸಿಯುತ್ತದೆ. ಅವಸರದಲ್ಲಿ ಒಮ್ಮೆಲೇ ಏರಿಸಿದರೆ ಕೆಡುವುದೇ ಇಲ್ಲಿ. ಈ ಮೊಲವೂ ಉಸಿರು ಹಿಡಿಯಿತು. ಮಾಸ್ಕ್ ಸರಿಸಿ, ಎರಡು ಉಸಿರು ಬಂದ ಮೇಲೆ ಅರ್ಧರ್ಧ ಶೇಕಡಾ ಏರಿಸಿ, 2ಕ್ಕೆ ನಿಲ್ಲಿಸಿದೆವು.

ಎದೆಯ ಗೂಡು ಪುಟ್ಟದು, ಹೊಟ್ಟೆ ದೊಡ್ಡದು. ಅಂಗಾತ ಮಲಗಿಸಿದರೆ ಕರುಳಿನ ಭಾರವೆಲ್ಲ ಶ್ವಾಸಕೋಶದ ಮೇಲೆ. ಎದೆಯ ಕೆಳಗೆ ಮಡಚಿದ ಟವೆಲ್ ಬೇಕೇ ಬೇಕು. ಕೊಯ್ಯುವ ಗೆರೆಯುದ್ದಕ್ಕೂ ಮರಗಟ್ಟಿಸುವ ಲಿಗ್ನೊಕೇನ್: ಕೆ.ಜಿ.ಗೆ 4 ಮಿ.ಗ್ರಾಂ. ದಾಟದಂತೆ, 2 ಶೇಕಡಾ ದ್ರಾವಣದಲ್ಲಿ 0.32 ಮಿ.ಲೀ., ಸಲೈನ್ ಬೆರೆಸಿ 1 ಮಿ.ಲೀ. ಮಾಡಿದ್ದು. ಸ್ಪಿರಿಟ್ ಕಡಿಮೆ, ಒದ್ದೆ ತುಪ್ಪಳ ಮೈಯ ಬಿಸಿ ಎಳೆದುಬಿಡುತ್ತದೆ. ಬಿಸಿನೀರು ತುಂಬಿದ ಗ್ಲೋವ್ಸ್ ಪಕ್ಕದಲ್ಲಿಟ್ಟು ಮರೆತರೂ ಅಷ್ಟೇ, ತಣಿದ ಮೇಲೆ ಅದೇ ಬಿಸಿ ಹೀರುತ್ತದೆ. ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್‌ನ ಕೆಳಗಿಳಿಯಬಾರದು, ಮುಗಿದಾಗ 37.6 ಇತ್ತು, ಹೀಟರ್ ಹಾಕಿದೆವು.

ಹೊಲಿಗೆ ಮುಗಿಯುತ್ತಲೇ ನೋವು, ಊತ ತಗ್ಗಿಸುವ ಮೆಲಾಕ್ಸಿಕ್ಯಾಮ್, ಕೆ.ಜಿ.ಗೆ 0.5 ಮಿ.ಗ್ರಾಂ. ನಾಯಿಗೆ ಕೊಡುವುದಕ್ಕಿಂತ ಇದು ಜಾಸ್ತಿ ಎಂದು ಹಿಂಜರಿಯುವವರಿದ್ದಾರೆ, ಆದರೆ ಮೊಲಕ್ಕೆ ಬೇಕಾಗುವುದು ಇಷ್ಟು. ಬ್ಯೂಪ್ರಿನಾರ್ಫಿನ್ ಆರೆಂಟು ಗಂಟೆಗೊಮ್ಮೆ.

ಬೇಟೆಗೆ ಬೀಳುವ ಪ್ರಾಣಿ ನೋವು ತೋರಿಸಿಕೊಳ್ಳುವುದಿಲ್ಲ. ನಾಯಿ ಬೊಗಳುವ ವಾರ್ಡಿನಲ್ಲಿಟ್ಟರೆ ಇನ್ನೂ ಮುದುರುತ್ತದೆ. ಬೇರೆ ಕೋಣೆ, ದೂರದಿಂದ ನೋಟ. ಅರೆಮುಚ್ಚಿದ ಕಣ್ಣು, ಚಪ್ಪಟೆಯಾದ ಕೆನ್ನೆ, ಬೆನ್ನಿಗೆ ಅಂಟಿಕೊಂಡ ಕಿವಿ, ಹಲ್ಲು ಕಡಿಯುವ ಸದ್ದು ಇವಿದ್ದರೆ ಔಷಧಿ ಸಾಲಲಿಲ್ಲ ಎಂದರ್ಥ. ಸಂಜೆ ನಾಲ್ಕಕ್ಕೆ ಈ ಮೊಲ ಕಣ್ಣು ಸಣ್ಣದು ಮಾಡಿ ಕೂತಿತ್ತು, ಕೊತ್ತಂಬರಿ ಸೊಪ್ಪು ಮೂಸಲಿಲ್ಲ. ಬ್ಯೂಪ್ರಿನಾರ್ಫಿನ್ ಹೊತ್ತಿಗೆ ಮೊದಲೇ ಕೊಟ್ಟು, ಸಿರಿಂಜಿನಿಂದ 16 ಮಿ.ಲೀ. ಗಂಜಿಯಂಥ ಹುಲ್ಲಿನ ಪುಡಿ ಕುಡಿಸಿದ್ದಾಯಿತು. ಏಳೂವರೆಗೆ ಗರಿಕೆ ಎಳೆಯಲು ಶುರು. ರಾತ್ರಿ ಹತ್ತಕ್ಕೆ ಟ್ರೇನಲ್ಲಿ ಹನ್ನೊಂದು ಹಿಕ್ಕೆ, ಸಣ್ಣವೇ.