ಬರ್ನಾರ್ಡ್ ಇಕ್ಕಳದ ಜಾತಕ: ಇಲ್ಲಿಯವರೆಗಿನ ಕೆಲಸ

ಈ ಬಾರಿ ಎತ್ತಿಕೊಂಡದ್ದು ಆರೂವರೆ ಇಂಚಿನ ಒಂದು ಇಕ್ಕಳ. ಹಿಡಿಕೆಯ ಮೇಲೆ ನಿಕಲ್ ಅಲ್ಲಲ್ಲಿ ಎದ್ದಿದೆ, ಪಕ್ಕದಲ್ಲಿ ವೈರ್ ಕತ್ತರಿಸುವ ಅಲಗಿದೆ. ಅರ್ಧ ಅಳಿಸಿದ ಮುದ್ರೆಯಲ್ಲಿ ವಿಲಿಯಂ ಷೋಲ್‌ಹಾರ್ನ್ ಕಂಪನಿ, ನ್ಯೂ ಹೇವನ್, ಕನೆಕ್ಟಿಕಟ್ ಎಂದಿದೆ. ಅದರ ಕೆಳಗೆ ಇಕ್ಕಳದ ಪೇಟೆಂಟ್ ಪಡೆದ ಬರ್ನಾರ್ಡ್ ಹೆಸರು ಮತ್ತು ಪೇಟೆಂಟ್ ಸಿಕ್ಕ ಎರಡು ತಾರೀಖು. ಅವುಗಳಿಂದ ಇಕ್ಕಳ ಯಾವ ಕಾಲದ್ದು ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ. ಕ್ಲೈನ್, ಯುಟಿಕಾ ಎಂಬ ಇಕ್ಕಳ ತಯಾರಕರ ಹೆಸರು ಬಲ್ಲ ಹಳೆ ಉಪಕರಣದ ಹುಚ್ಚರಿಗೂ ಷೋಲ್‌ಹಾರ್ನ್ ಅಷ್ಟು ಪರಿಚಿತವಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ವೈರ್‌ಮನ್‌ಗಳ ಚೀಲದಲ್ಲಿ ಇದ್ದ ಇಕ್ಕಳಗಳಲ್ಲಿ ಇದೂ ಒಂದು. ಇದೇ ಕಂಪನಿ ಬರ್ನಾರ್ಡ್ ಹೆಸರಿನಲ್ಲಿ ಚರ್ಮಕ್ಕೆ ತೂತು ಹೊಡೆಯುವ ಪಂಚ್‌ಗಳನ್ನೂ ಮಾಡುತ್ತಿತ್ತು. ಹುಡುಕಾಟದಲ್ಲಿ ಅವೇ ಹೆಚ್ಚು ಸಿಕ್ಕಿ ದಾರಿ ತಪ್ಪಿಸುತ್ತವೆ.

ಇತಿಹಾಸಕ್ಕೆ ಹೋಗುವ ಮೊದಲು ಇಕ್ಕಳದ ಗುರುತು. ನಮ್ಮ ಕಡೆ ಎಲೆಕ್ಟ್ರಿಷಿಯನ್‌ಗಳು ಕಟಿಂಗ್ ಪ್ಲೇಯರ್ ಎನ್ನುವ ಸಾಮಾನ್ಯ ಇಕ್ಕಳದಲ್ಲಿ ನಡುವೆ ಒಂದೇ ಕೀಲು. ದವಡೆಗಳು ಕತ್ತರಿಯ ಹಾಗೆ ಕೋನದಲ್ಲಿ ತೆರೆಯುತ್ತವೆ, ಹಾಗಾಗಿ ನಟ್ಟು ಹಿಡಿದರೆ ಅದರ ಮೂಲೆ ತಿನ್ನುತ್ತವೆ. ಬರ್ನಾರ್ಡ್‌ನಲ್ಲಿ ದವಡೆಯೇ ಬೇರೆ ತುಂಡು, ಹಿಡಿಕೆಯೇ ಬೇರೆ ತುಂಡು. ಹಿಡಿಕೆಗಳನ್ನು ಉಕ್ಕಿನ ತಗಡನ್ನು ಒತ್ತಿ, ತೊಟ್ಟಿಯ ಹಾಗೆ ಮಡಿಸಿ ಮಾಡಿದ್ದಾರೆ. ದವಡೆ ರಿವೆಟ್‌ನಲ್ಲಿ ತಿರುಗುತ್ತದೆ, ಜೊತೆಗೆ ಸ್ಲಾಟ್‌ನಲ್ಲಿ ಜಾರುತ್ತದೆ. ಆದ್ದರಿಂದ ಎಷ್ಟೇ ತೆರೆದರೂ ಎರಡು ದವಡೆ ಸಮಾನಾಂತರವಾಗಿಯೇ ಇರುತ್ತವೆ. ನಡುವೆ ಅಡ್ಡ ಹಾಯುವ ಕೀಲು ಇಲ್ಲದ ಕಾರಣ ಗಂಟಲು ಖಾಲಿ. ವೈರನ್ನು ಮುಂದಿನಿಂದ ತೂರಿಸಿದರೆ ಎರಡು ಹಿಡಿಕೆಗಳ ನಡುವೆ ನೇರ ಹಿಂದಕ್ಕೆ ಬರುತ್ತದೆ. ಉದ್ದ ವೈರನ್ನು ಹಿಡಿದು ಎಳೆಯುವವನಿಗೆ ಇದರ ಬೆಲೆ ಗೊತ್ತಾಗುತ್ತದೆ.

ಸಮಾನಾಂತರ ಉಳಿದಿದೆಯೋ ಇಲ್ಲವೋ ನೋಡಲು 1.5 ಚದರ ಮಿಮೀಯ ಸಿಂಗಲ್ ಕೋರ್ ವೈರಿನ ತಾಮ್ರದಿಂದ ಎರಡು ತುಂಡು ಸಾಕು. ಒಂದನ್ನು ದವಡೆಯ ತುದಿಯಲ್ಲಿ, ಇನ್ನೊಂದನ್ನು ಬುಡದಲ್ಲಿ ಇಟ್ಟು ಮೆಲ್ಲಗೆ ಒತ್ತಬೇಕು. ಎರಡೂ ಒಟ್ಟಿಗೆ ಬಿಗಿಯಾದರೆ ಸರಿ. ಬುಡದ್ದು ಬಿಗಿಯಾಗಿ ತುದಿಯದ್ದು ಜಾರಿದರೆ ರಿವೆಟ್ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ ಎಂದರ್ಥ. ಆಗ ರಿವೆಟ್ ತಲೆಗೆ ಸುತ್ತಿಗೆ ಕೊಟ್ಟು ಬಿಗಿ ಮಾಡುವ ಆಸೆ ಬರುತ್ತದೆ. ಬೇಡ. ತಗಡಿನ ಹಿಡಿಕೆ ಒಳಕ್ಕೆ ಬಾಗಿ ದವಡೆಯನ್ನು ಕಚ್ಚುತ್ತದೆ, ಆಮೇಲೆ ಸ್ಲಾಟ್ ಜಾರುವುದೇ ಇಲ್ಲ.

ಮುದ್ರೆ ಓದುವ ಕೆಲಸಕ್ಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ತಗಡು ತೆಳು, ಮುದ್ರೆ ಆಳವಿಲ್ಲ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿದರೆ ತುಕ್ಕಿನ ಜೊತೆ ಅಕ್ಷರದ ಅಂಚೂ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ವಿನಿಗರ್‌ನಲ್ಲಿ ರಾತ್ರಿಯಿಡೀ ನೆನೆಸುವುದೂ ಬೇಡ. ಆಮ್ಲ ಅಂಚನ್ನು ತಿನ್ನುತ್ತದೆ, ಗಟ್ಟಿ ಮಾಡಿದ ಸ್ಪ್ರಿಂಗ್ ಹೈಡ್ರೋಜನ್ ಹೀರಿ ಪಟ್ಟನೆ ಮುರಿಯುವಂತಾಗುತ್ತದೆ. ವಾಷಿಂಗ್ ಸೋಡಾ ನೀರಿನಲ್ಲಿ 12 ವೋಲ್ಟ್ ಹಾಯಿಸುವ ವಿಧಾನ ನಿಕಲ್ ಇಲ್ಲದ ಉಪಕರಣಕ್ಕೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ನಿಕಲ್‌ನ ಕೆಳಗೆ ತುಕ್ಕು ನುಗ್ಗಿರುವುದರಿಂದ ಲೇಪ ಹಾಳೆ ಹಾಳೆಯಾಗಿ ಏಳುತ್ತದೆ. (ಬೇರೆ ಉಪಕರಣಕ್ಕೆ ಮಾಡುವವರಿಗೆ ಒಂದು ಮಾತು: ಪಾಸಿಟಿವ್ ಬದಿಗೆ ಸಾದಾ ಕಬ್ಬಿಣ ಹಾಕಿ, ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ. ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ.)

ಫಲ ಕೊಟ್ಟದ್ದು ನಿಧಾನದ ದಾರಿ. ಸೀಮೆಎಣ್ಣೆಯಲ್ಲಿ ಎರಡು ದಿನ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಆಮೇಲೆ ನಾಲ್ಕು ಸೊನ್ನೆಯ ನಂಬರಿನ (0000, ಅತಿ ನಯವಾದ) ಸ್ಟೀಲ್ ವುಲ್‌ಗೆ ಎಣ್ಣೆ ಹಾಕಿ ಒಂದೇ ದಿಕ್ಕಿನಲ್ಲಿ ಸವರುವುದು. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ತೀಡಿ ಮೇಲ್ಮೈಯನ್ನು ಬೆರಳಿನಿಂದ ಒರೆಸಿದರೆ ತಗ್ಗಿನಲ್ಲಿ ಮಾತ್ರ ಬಿಳಿ ಉಳಿಯುತ್ತದೆ. ಫೋಟೋಗೆ ಬೆಳಕು ಮೇಲಿನಿಂದ ಬೀಳಬಾರದು, ಪಕ್ಕದಿಂದ ಹತ್ತು ಹದಿನೈದು ಡಿಗ್ರಿಯಲ್ಲಿ ಸವರಿಕೊಂಡು ಹೋಗಬೇಕು. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ಬೇಕೇ ಬೇಕು, ಯಾಕೆಂದರೆ ಬೆಳಕಿನ ಸಾಲಿಗೆ ಸಮವಾಗಿರುವ ಗೆರೆ ಕಾಣುವುದಿಲ್ಲ. ಒಂದೇ ಫೋಟೋ ನಂಬಿದರೆ 8 ಹೋಗಿ 3 ಆಗುತ್ತದೆ.

ಹೀಗೆ ಓದಿದಾಗ ಸಿಕ್ಕ ತಾರೀಖು: ಮೇ 6, '90 ಮತ್ತು ಅಕ್ಟೋಬರ್ 24, 189 ಏನೋ ಒಂದು. ಕೊನೆಯ ಅಂಕಿ 9, 8, 6, 3 ಯಾವುದೂ ಆಗಬಹುದು.

ಇಲ್ಲಿ ನೆರವಿಗೆ ಬರುವುದು ಮಂಗಳವಾರ. ಅಮೆರಿಕದ ಪೇಟೆಂಟ್ ಕಚೇರಿ ವಾರಕ್ಕೊಮ್ಮೆ, ಮಂಗಳವಾರ, ಪೇಟೆಂಟ್ ಕೊಡುತ್ತಿತ್ತು, ಈಗಲೂ ಹಾಗೆಯೇ. ಓದಿದ ತಾರೀಖು ಮಂಗಳವಾರ ಬೀಳದಿದ್ದರೆ ಓದು ತಪ್ಪು. 1890ರ ಮೇ 6 ಮಂಗಳವಾರ. ಅದನ್ನೇ ಮೇ 8 ಎಂದು ಓದಿದ್ದರೆ ಗುರುವಾರವಾಗುತ್ತಿತ್ತು. ಅಕ್ಟೋಬರ್ 24ಕ್ಕೆ ಬಂದರೆ, 1898ರಲ್ಲಿ ಅದು ಸೋಮವಾರ, 1896ರಲ್ಲಿ ಶನಿವಾರ. ಎರಡೂ ಬಿದ್ದುಹೋದವು. 1899ರಲ್ಲಿ ಮಂಗಳವಾರ. ಆದರೆ 1893ರಲ್ಲೂ ಮಂಗಳವಾರವೇ! ಎರಡೂ ವರ್ಷ ಭಾನುವಾರ ಶುರುವಾದವು, ಎರಡೂ ಅಧಿಕ ವರ್ಷಗಳಲ್ಲ, ಹಾಗಾಗಿ ಕ್ಯಾಲೆಂಡರ್ ಒಂದೇ. ಸವೆದ 3 ಮತ್ತು ಸವೆದ 9 ಕಣ್ಣಿಗೆ ಅವಳಿ ಜವಳಿ, ಈ ಜರಡಿ ಅವನ್ನು ಬೇರ್ಪಡಿಸಲಾರದು.

ವಾರ ನೋಡುವಾಗ ಕಂಪ್ಯೂಟರ್ ಕೈಕೊಡುತ್ತದೆ. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಖೇ ಗೊತ್ತಿಲ್ಲ, ಅದನ್ನು ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ವರ್ಷವನ್ನು ಮುದ್ರೆಯಲ್ಲಿರುವಂತೆ ಬರೀ 90 ಎಂದು ಕೊಟ್ಟರೆ 1990 ಎಂದುಕೊಂಡು ಭಾನುವಾರ ಎನ್ನುತ್ತದೆ. ನೀವು ಸರಿಯಾದ ಓದನ್ನೇ ತಪ್ಪೆಂದು ಎಸೆಯುತ್ತೀರಿ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ನಾಲ್ಕಂಕಿಯ ವರ್ಷ ಕೊಟ್ಟರೆ ಸರಿಯಾಗಿ ಬರುತ್ತದೆ. ಲಿನಕ್ಸ್ ಇದ್ದವರಿಗೆ ಕ್ಯಾಲೆಂಡರ್ ತೋರಿಸುವ ಕ್ಯಾಲ್ (cal) ಆದೇಶವೇ ಸಾಕು.

3ಓ 9ಓ ತೀರ್ಮಾನಿಸಲು ಪೇಟೆಂಟ್ ನಂಬರಿಗೇ ಹೋಗಬೇಕಾಯಿತು. ಮುದ್ರೆಯಲ್ಲಿ ನಂಬರ್ ಇಲ್ಲ. 1927ರ ಕಾಯ್ದೆ ಬರುವವರೆಗೆ ವಸ್ತುವಿನ ಮೇಲೆ ಪೇಟೆಂಟ್ ಸಿಕ್ಕ ತಾರೀಖು ಹಾಕುವುದೇ ನಿಯಮವಾಗಿತ್ತು, ನಂಬರ್ ಹಾಕುವ ನಿಯಮ ಅದರಿಂದಾಚೆಗೆ ಬಂತು. ಆದರೆ ನಂಬರನ್ನು ಅಂದಾಜು ಮಾಡಬಹುದು. 1890ರ ಮೊದಲ ಪೇಟೆಂಟ್ 4,18,665. 1891ರ ಮೊದಲನೆಯದು 4,43,987. ವ್ಯತ್ಯಾಸ 25,322, ಅದನ್ನು 52 ಮಂಗಳವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 487. ಮೇ 6 ಆ ವರ್ಷದ ಹದಿನೆಂಟನೆಯ ಮಂಗಳವಾರ, ಅಂದರೆ ಹಿಂದೆ ಹದಿನೇಳು ವಾರ ಕಳೆದಿವೆ. ಹದಿನೇಳನ್ನು 487ರಿಂದ ಗುಣಿಸಿ ಕೂಡಿದರೆ 4,26,944ರ ಆಸುಪಾಸು. ಗೂಗಲ್ ಪೇಟೆಂಟ್ಸ್‌ನಲ್ಲಿ ಅಲ್ಲಿಂದ ಮುಂದಕ್ಕೆ ಹುಡುಕಿದರೆ ವಿಲಿಯಂ ಎ. ಬರ್ನಾರ್ಡ್ ಅವರ ಇಕ್ಕಳದ ಪೇಟೆಂಟ್ 4,27,220. ಅಂದಾಜಿನಿಂದ ಮುನ್ನೂರರೊಳಗೆ.

ಎರಡನೆಯ ತಾರೀಖಿಗೂ ಇದೇ ಲೆಕ್ಕ ಹಾಕಿದರೆ 1893 ಆದಲ್ಲಿ ನಂಬರು 5,07,400ರ ಸುತ್ತ, 1899 ಆದಲ್ಲಿ 6,35,700ರ ಸುತ್ತ ಬೀಳಬೇಕು. ಎರಡು ಕಡೆಯೂ ಹಿಂದೆ ಮುಂದೆ ಐನೂರು ನೋಡಬೇಕಾಗುತ್ತದೆ. ವಾರದ ಎಣಿಕೆ ಒಂದೇ ಸಮ ಇರುವುದಿಲ್ಲ, ವರ್ಷ ಮುಂದುವರಿದಷ್ಟೂ ತಪ್ಪು ಕೂಡುತ್ತಾ ಹೋಗುತ್ತದೆ. ಒಂದೊಂದೇ ತೆರೆಯುವುದಕ್ಕಿಂತ ಪೇಟೆಂಟ್ ಕಚೇರಿಯ ವಾರದ ಗೆಜೆಟ್ ನೋಡುವುದು ಸಲೀಸು. ಅದು 1872ರಿಂದ ಇದೆ, ಹಾತಿಟ್ರಸ್ಟ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಸಂಪುಟಗಳಿವೆ. ವಾರ್ಷಿಕ ಸೂಚಿಯಲ್ಲಿ ಬರ್ನಾರ್ಡ್ ಮತ್ತು ಷೋಲ್‌ಹಾರ್ನ್ ಎರಡೂ ಹೆಸರು ನೋಡಬೇಕು, ಕಂಪನಿಗೆ ಬರೆದುಕೊಟ್ಟ ಪೇಟೆಂಟುಗಳು ಕಂಪನಿಯ ಹೆಸರಿನಡಿಯೂ ಬರುತ್ತವೆ. ಮುದ್ರೆ ಗಟ್ಟಿಯಾಗಿ ಬಿದ್ದ ಇತರ ಬರ್ನಾರ್ಡ್ ಇಕ್ಕಳಗಳ ಫೋಟೋಗಳಲ್ಲೂ ಓದು ಸ್ಪಷ್ಟ: ಅಕ್ಟೋಬರ್ 24, 1899.

ಪಠ್ಯ ಹುಡುಕಾಟದಲ್ಲಿ ಷೋಲ್‌ಹಾರ್ನ್ ಹೆಸರು ಸಿಗದಿರುವುದಕ್ಕೆ ಕಾರಣ ಸ್ಕ್ಯಾನರ್. ಇಂಗ್ಲಿಷ್ ಕಾಗುಣಿತದಲ್ಲಿ (Schollhorn) ನಡುವೆ ಬರುವ ಎರಡು ಎಲ್ ಅನ್ನು ಅದು ದೊಡ್ಡ ಯು ಎಂದು ಓದುತ್ತದೆ. ಎಚ್ ಅನ್ನು ಬಿ ಎನ್ನುತ್ತದೆ. ಈ ಎರಡು ತಪ್ಪು ರೂಪಗಳನ್ನೂ ಹಾಕಿ ಹುಡುಕಿ. ನ್ಯೂ ಹೇವನ್ ಮತ್ತು ಪ್ಲೈಯರ್ಸ್ ಎರಡನ್ನೇ ಜೊತೆಗೆ ಹಾಕಿದರೂ ಪರವಾಗಿಲ್ಲ. ಹೆಸರೇ ಬೇಡ ಎನ್ನುವವರು ಬಿ25ಬಿ 7/12 (B25B 7/12) ಎಂಬ ಪೇಟೆಂಟ್ ವರ್ಗದಿಂದ ಹೋಗಬಹುದು, ಹಿಡಿಕೆಗೂ ದವಡೆಗೂ ನಡುವೆ ವಿಶೇಷ ಜೋಡಣೆ ಇರುವ ಇಕ್ಕಳಗಳೆಲ್ಲ ಅಲ್ಲಿವೆ. ಹಳೆಯ ಉಪಕರಣಗಳ ಪೇಟೆಂಟುಗಳನ್ನೇ ಪಟ್ಟಿ ಮಾಡಿರುವ ಡೇಟಾಂಪ್ (DATAMP) ತಾಣದಲ್ಲಿ ತಯಾರಕರ ಹೆಸರಿನಿಂದಲೂ ಹುಡುಕಲು ಬರುತ್ತದೆ. ಅವಸರದಲ್ಲಿರುವವರು ಮೊದಲು ಅಲ್ಲಿಗೇ ಹೋಗಲಿ.

ಈಗ ತಾರೀಖಿನಿಂದ ಏನು ಹೇಳಬಹುದು, ಏನು ಹೇಳಬಾರದು. ಮಾರಾಟಕ್ಕಿಟ್ಟವರು ಬಹಳಷ್ಟು ಮಂದಿ '1890ರ ಇಕ್ಕಳ' ಎಂದು ಬರೆಯುತ್ತಾರೆ. ಅದು ತಪ್ಪು. ಪೇಟೆಂಟ್ ತಾರೀಖು ಕೆಳಗಿನ ಗಡಿ ಮಾತ್ರ, ಅದೂ ಮುದ್ರೆಯಲ್ಲಿರುವ ಕೊನೆಯ ತಾರೀಖು. ಎರಡೂ ತಾರೀಖಿರುವ ಈ ಇಕ್ಕಳ 1899ರ ಅಕ್ಟೋಬರ್‌ಗಿಂತ ಹಿಂದಿನದಲ್ಲ, ಅಷ್ಟೇ. ಮೇಲಿನ ಗಡಿಯನ್ನು ಪೇಟೆಂಟ್ ಅವಧಿಯಿಂದ ಹಾಕಲು ಹೋಗಬೇಡಿ. ಆಗ ಅವಧಿ ಪೇಟೆಂಟ್ ಸಿಕ್ಕ ದಿನದಿಂದ 17 ವರ್ಷ. ಮೊದಲನೆಯದು 1907ರ ಮೇನಲ್ಲಿ, ಎರಡನೆಯದು 1916ರ ಅಕ್ಟೋಬರ್‌ನಲ್ಲಿ ಮುಗಿಯಿತು. ಆದರೆ ಅಚ್ಚು ಕೆತ್ತಿಸುವುದು ದುಬಾರಿ, ಸವೆಯುವವರೆಗೆ ಅದೇ ಹೊಡೆಯುತ್ತಿದ್ದರು. ಬರೀ 1890 ಇದ್ದರೂ ಅದೇ ಮಾತು, 1899ರ ನಂತರವೂ ಹಳೆ ಅಚ್ಚು ಮೂಲೆಯಲ್ಲಿ ಕೆಲಸ ಮಾಡಿರಬಹುದು. 1907 ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ: ಮೂಲ ಹಕ್ಕು ತೀರಿದ ಮೇಲೆ ಆ ಜೋಡಣೆಯನ್ನು ಯಾರು ಬೇಕಾದರೂ ಮಾಡಬಹುದಿತ್ತು. ಹೆಸರಿಲ್ಲದ, ಪೇಟೆಂಟ್ ಮಾತಿಲ್ಲದ ಅದೇ ನಮೂನೆಯ ಇಕ್ಕಳ ಸಿಕ್ಕರೆ ಅದನ್ನು ಷೋಲ್‌ಹಾರ್ನ್ ತಲೆಗೆ ಕಟ್ಟಬಾರದು. ಮುಂದೆ ಇದೇ ಇಕ್ಕಳ ನ್ಯೂ ಹೇವನ್‌ನದೇ ಆದ ಸಾರ್ಜೆಂಟ್ ಕಂಪನಿಯ ಹೆಸರಿನಲ್ಲೂ ಬಂತು. ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್‌ನ ಮಾನ್ ಕಂಪನಿ ಈ ನಮೂನೆಯನ್ನು ಇಂದಿಗೂ ಮಾಡುತ್ತಿದೆ, ಅದರ ಮುದ್ರೆ ಬೇರೆ.

ಮೇಲಿನ ಗಡಿಗೆ ಬೇಕಾದದ್ದು ಉಪಕರಣದ ಹೊರಗಿನ ಕಾಗದ. ಸಗಟು ಹಾರ್ಡ್‌ವೇರ್ ವ್ಯಾಪಾರಿಗಳ ಕ್ಯಾಟಲಾಗುಗಳಲ್ಲಿ ಚಿತ್ರ ನಂಬಬೇಡಿ, ಒಂದೇ ಬ್ಲಾಕನ್ನು ಹದಿನೈದು ಇಪ್ಪತ್ತು ವರ್ಷ ಅಚ್ಚು ಹಾಕಿದ್ದುಂಟು. ಮಾದರಿ ನಂಬರು, ಅಳತೆ, ಡಜನ್‌ನ ಬೆಲೆ ಈ ಮೂರನ್ನು ಬರೆದುಕೊಳ್ಳಿ. ನ್ಯೂ ಹೇವನ್‌ನ ಊರ ಡೈರೆಕ್ಟರಿಗಳನ್ನು ಪ್ರೈಸ್, ಲೀ ಕಂಪನಿ ವರ್ಷ ವರ್ಷ ತರುತ್ತಿತ್ತು, ಕಾರ್ಖಾನೆಯ ಬೀದಿ ವಿಳಾಸ ಬದಲಾದದ್ದು ಅದರಲ್ಲಿ ಹಿಡಿಯಲು ಸಿಗುತ್ತದೆ. ಆದರೆ ಮನೆ ಮನೆ ತಿರುಗಿ ಬರೆದುಕೊಂಡದ್ದು ಮುದ್ರಣಕ್ಕೆ ಎಷ್ಟೋ ಮುಂಚೆ, ಆದ್ದರಿಂದ ಒಂದು ವರ್ಷದ ಹಿಂದುಮುಂದು ಬಿಟ್ಟುಕೊಳ್ಳಬೇಕು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸ್ಯಾನ್‌ಬಾರ್ನ್ ವಿಮಾ ನಕ್ಷೆಗಳಲ್ಲಿ ಒಂದಂಗುಲಕ್ಕೆ 50 ಅಡಿಯಂತೆ ಕಟ್ಟಡವನ್ನೇ ಬಿಡಿಸಿದ್ದಾರೆ. ಗುಲಾಬಿ ಬಣ್ಣವಿದ್ದರೆ ಇಟ್ಟಿಗೆ, ಹಳದಿಯಾದರೆ ಮರ. ಒಂದು ಎಚ್ಚರ: ಹಳೆ ಹಾಳೆಯ ಮೇಲೆ ತಿದ್ದುಪಡಿಯ ಚೀಟಿ ಅಂಟಿಸಿ ನಕ್ಷೆಯನ್ನು ಹೊಸದು ಮಾಡುತ್ತಿದ್ದರು. ಮುಖಪುಟದ ವರ್ಷವನ್ನೇ ಕಟ್ಟಡದ ವರ್ಷ ಎಂದು ಬರೆದರೆ ಕೆಡುತ್ತದೆ.

ದಾಖಲೆಗೆ ಇಟ್ಟಿರುವ ಹಾಳೆಯಲ್ಲಿ ಪ್ರತಿ ಇಕ್ಕಳಕ್ಕೆ ಒಂದು ಸಾಲು: ಒಟ್ಟು ಉದ್ದ, ದವಡೆಯ ಅಗಲ, ಅಲಗು ಇದೆಯೋ ಇಲ್ಲವೋ, ಸ್ಪ್ರಿಂಗ್ ಇದೆಯೋ ಇಲ್ಲವೋ, ಮುದ್ರೆಯ ಪೂರ್ತಿ ಪಾಠ. ಪಾಠವನ್ನು ಚುಕ್ಕಿ, ಸಾಲು ಒಡೆದ ಜಾಗ, ವಿಲಿಯಂ ಅನ್ನು ಮೊಟಕು ಮಾಡಿದ ರೀತಿ ಎಲ್ಲ ಇದ್ದಂತೆಯೇ ಬರೆಯಬೇಕು. ಅಚ್ಚು ಬದಲಾದದ್ದು ಹಿಡಿಯುವುದು ಇಂಥ ಚಿಲ್ಲರೆಯಲ್ಲೇ. ಕಾಣದ ಅಕ್ಷರಕ್ಕೆ ಅಡ್ಡಗೆರೆ, ಊಹಿಸಿದ ಅಕ್ಷರಕ್ಕೆ ಬೇರೆ ಬಣ್ಣ.

ಕೆಲಸಕ್ಕೆ ಬಳಸುವವರಿಗೆ: ಇದರ ಹಿಡಿಕೆ ಬರೀ ಲೋಹ. ಮೇಲೆ ರಬ್ಬರ್ ಕೊಳವೆ ತೂರಿಸಿದ ಮಾತ್ರಕ್ಕೆ ಅದು ವಿದ್ಯುತ್ ಹರಿಯುವಾಗಲೂ ಬಳಸಬಹುದಾದ, 1000 ವೋಲ್ಟಿನ ಐಇಸಿ 60900 ಮಾನಕದ ಉಪಕರಣ ಆಗುವುದಿಲ್ಲ, ಖಾಲಿ ಗಂಟಲಿನಲ್ಲಿ ಹಿಂದಕ್ಕೆ ಬರುವ ವೈರಿನ ತುದಿ ನೇರ ಅಂಗೈಗೆ ತಾಗುತ್ತದೆ. ಮೇನ್ ಆಫ್ ಮಾಡಿದ ಮೇಲಷ್ಟೇ ಮುಟ್ಟಬೇಕು. ಅಲಗಿಗೆ ತಾಮ್ರ, ಅಲ್ಯೂಮಿನಿಯಂ ಸಾಕು. ಸ್ಪ್ರಿಂಗ್ ತಂತಿ ಕೊಟ್ಟರೆ ಅಲಗಿನಲ್ಲಿ ಹಲ್ಲು ಬೀಳುತ್ತದೆ, ಅದನ್ನು ಸಾಣೆ ಹಿಡಿದು ತೆಗೆದರೆ ಅಲಗುಗಳು ಮತ್ತೆ ಒಂದಕ್ಕೊಂದು ಕೂಡುವುದಿಲ್ಲ.