ಹ್ಯಾಂಡ್‌ಬಾಲ್ ನೋಡೋಕೆ ಡೆನ್ಮಾರ್ಕ್‌ಗೆ ಹೊರಟಿದ್ದೀರಾ? ಗುಡ್ಮೆಗೆ ಹೋಗಿ ಬನ್ನಿ

ಡೆನ್ಮಾರ್ಕ್‌ನ ಜನಸಂಖ್ಯೆ ಸುಮಾರು 60 ಲಕ್ಷ. ಆದರೂ ಅವರ ಪುರುಷರ ಹ್ಯಾಂಡ್‌ಬಾಲ್ ತಂಡ 2019, 2021, 2023, 2025 ಹೀಗೆ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್. ಆ ಆಟ ಎಲ್ಲಿ ಬೆಳೆಯುತ್ತದೆ ಅಂತ ನೋಡಬೇಕಾದರೆ ಅಲ್ಲಿನ ಲೀಗ್ ಪಂದ್ಯಕ್ಕೇ ಹೋಗಬೇಕು.

ಹೆಚ್ಚಿನವರು ಆಲ್ಬೋರ್ಗ್ ತಂಡದ ದೊಡ್ಡ ಅಂಗಳಕ್ಕೆ ಹೋಗುತ್ತಾರೆ. ಅದೂ ಚೆನ್ನಾಗಿದೆ. ಆದರೆ ನನ್ನನ್ನು ಕೇಳಿದರೆ ಫ್ಯೂನ್ ದ್ವೀಪದ ಗುಡ್ಮೆ ಅನ್ನೋ ಪುಟ್ಟ ಊರಿಗೇ ಹೋಗಿ. ಜಿಓಜಿ ತಂಡದ ಮನೆ ಅದು. ಡೆನ್ಮಾರ್ಕ್‌ನ ವಿಶ್ವ ಚಾಂಪಿಯನ್ ತಂಡದಲ್ಲಿದ್ದ ಮಿಕೆಲ್ ಹ್ಯಾನ್ಸನ್, ನಿಕ್ಲಾಸ್ ಲ್ಯಾಂಡಿನ್, ಮಥಿಯಾಸ್ ಗಿಡ್ಸೆಲ್ ಮೂವರೂ ಈ ತಂಡಕ್ಕೆ ಆಡಿದವರು. 2022 ಮತ್ತು 2023ರ ಲೀಗ್ ಪ್ರಶಸ್ತಿ ಬಂದಿದ್ದೂ ಈ ಹಳ್ಳಿಗೇ.

ಕೋಪನ್‌ಹೇಗನ್‌ನಿಂದ ಓಡೆನ್ಸೆಗೆ ರೈಲು, ಅಲ್ಲಿಂದ ಸ್ವೆನ್‌ಬೋರ್ಗ್‌ಗೆ ಇನ್ನೊಂದು ರೈಲು, ಆಮೇಲೆ ಬಸ್ಸು. ಮೊದಲೇ ತೆಗೆದರೆ 'ಆರೆಂಜ್' ರೈಲು ಟಿಕೆಟ್ ಅಗ್ಗ, ಆದರೆ ಅದೇ ಗಾಡಿಯಲ್ಲೇ ಹೋಗಬೇಕು. ಪಂದ್ಯದ ಟಿಕೆಟ್ ಕೊಳ್ಳುವ ಮೊದಲು ರಾತ್ರಿಯ ಕೊನೆ ಬಸ್ಸು ಎಷ್ಟೊತ್ತಿಗೆ ಅಂತ 'ರೈಸೆಪ್ಲಾನೆನ್' ಆ್ಯಪ್‌ನಲ್ಲಿ ನೋಡಿಕೊಳ್ಳಿ. ಹಳ್ಳಿ ಕಡೆ ರಾತ್ರಿ ಬಸ್ಸು ಕಡಿಮೆ. ಸ್ವೆನ್‌ಬೋರ್ಗ್‌ನಲ್ಲಿ ರೂಮ್ ಮಾಡಿದರೆ ಆರಾಮ.

ಜಾಗ ಸಿಕ್ಕಷ್ಟೂ ಕೆಳಗಿನ ಸಾಲಿನಲ್ಲೇ ಕೂರಿ. ಆಟಗಾರರು ಶೂ ಹಿಮ್ಮಡಿಯ ಮೇಲೆ ಅಂಟು ಮೇಣ ಮೆತ್ತಿಕೊಂಡಿರುತ್ತಾರೆ. ಓಡುತ್ತಲೇ ಬಗ್ಗಿ, ಎರಡು ಬೆರಳಿಗೆ ಅಂಟಿಸಿಕೊಂಡು, ಮತ್ತೆ ಚೆಂಡಿಗೆ ಕೈ ಹಾಕುತ್ತಾರೆ. ಒಂದೇ ಕೈಯಲ್ಲಿ ಚೆಂಡು ಹಿಡಿದು ಗಾಳಿಯಲ್ಲಿ ತಿರುಗಿಸಿ ಎಸೆಯೋದು ಅದರಿಂದಲೇ. ಟಿವಿಯಲ್ಲಿ ಇದು ಕಾಣೋದೇ ಇಲ್ಲ. ಕಬಡ್ಡಿ ಹಾಗೆ ಇಲ್ಲೂ ಒಂದೊಂದು ಕಡೆ ಏಳು ಜನ, ಮೈಗೆ ಮೈ ತಾಗಿಸಿಯೇ ಆಡೋದು, ಹಾಗಾಗಿ ನಮ್ಮವರಿಗೆ ಬೇಗ ಹಿಡಿಸುತ್ತದೆ. 30 ನಿಮಿಷದ ಎರಡು ಭಾಗ, ಉಸಿರು ಬಿಡೋಕೂ ಪುರುಸೊತ್ತಿಲ್ಲ.

ಸಸ್ಯಾಹಾರಿಗಳು ಊಟ ಮುಗಿಸಿಕೊಂಡೇ ಹೋಗಿ. ಅಂಗಳದಲ್ಲಿ ಸಾಸೇಜ್, ಬಿಯರ್‌ನದೇ ಭರಾಟೆ. ನಗದು ಜಾಸ್ತಿ ಬೇಡ, ಕಾರ್ಡ್ ಸಾಕು.

ಜನವರಿಯಲ್ಲಿ ಮಾತ್ರ ಪ್ಲಾನ್ ಮಾಡಬೇಡಿ. ವಿಶ್ವ ಅಥವಾ ಯುರೋಪ್ ಚಾಂಪಿಯನ್‌ಶಿಪ್‌ಗಾಗಿ ಲೀಗ್ ನಿಂತಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಮೇ ತಿಂಗಳಾದರೆ ಪ್ಲೇ-ಆಫ್ ಬಿಸಿಯೂ ಸಿಗಬಹುದು. ಡೆನ್ಮಾರ್ಕ್‌ಗೆ ಬೇಕಾದ ಷೆಂಗೆನ್ ವೀಸಾಗೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೆ ಗಳಿಗೆವರೆಗೆ ಕಾಯಬೇಡಿ. ಓಡೆನ್ಸೆಯಲ್ಲಿ ಮಹಿಳಾ ಲೀಗ್‌ನ ಬಲಿಷ್ಠ ತಂಡವೊಂದಿದೆ. ಅದೇ ವಾರ ಅವರ ಪಂದ್ಯವೂ ಇದ್ದರೆ ಓಡೆನ್ಸೆಯಲ್ಲೇ ಇನ್ನೊಂದು ರಾತ್ರಿ ಉಳಿದುಬಿಡಿ.